ಹಾಂ, ಅಲ್ಲೇ

ತಲೆನೋವು ಬಂದಾಗ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಚೈತ್ರದ ಮಧ್ಯಾಹ್ನ, ಪರದೆ ಎಳೆದ ಮೇಲೂ ಕಿಟಕಿಯ ಅಂಚಿನಲ್ಲಿ ಉಳಿದುಹೋದ ಬೆರಳಗಲದ ಬಿಸಿಲು ನೆಲದ ಮೇಲೆ ಉರಿಯುತ್ತಿರುವಾಗ, ಯಾವುದೋ ಹೊಸ ಮನೆಯಲ್ಲಿ ಟೈಲ್ಸ್ ಕೊಯ್ಯುವ ಯಂತ್ರದ ಸದ್ದು ಹಲ್ಲಿನ ಬುಡದವರೆಗೆ ಇಳಿಯುತ್ತಿರುವಾಗ, ಕಣತಲೆಯ ಒಳಗೆಲ್ಲೋ ಒಂದು ಮಿಡಿತ ಶುರುವಾಗುತ್ತದೆ. ಇದು ನೋವು ಎಂದು ಮನಸ್ಸು ಗುರುತಿಸುವ ಮೊದಲೇ ಕೈ ಎದ್ದಿರುತ್ತದೆ, ಹೆಬ್ಬೆರಳು ಒಂದು ಬದಿಗೆ, ನಡುಬೆರಳು ಮತ್ತೊಂದು ಬದಿಗೆ ಸರಿದು ಹಣೆಯನ್ನು ಅಂಗೈಯೊಳಗೆ ಹಿಡಿದಿರುತ್ತವೆ. ಬಸ್ಸಿನ ಕಿಟಕಿಗೆ ಒರಗಿದ ಅಪರಿಚಿತ ಹೆಂಗಸು, ಬ್ಯಾಂಕಿನ ಗಾಜಿನ ಹಿಂದೆ ನೋಟು ಎಣಿಸಿ ಮುಗಿಸಿದ ಗುಮಾಸ್ತ, ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತ ಮುದುಕ, ಇವರೆಲ್ಲರ ಕೈಯೂ ಅದೇ ಜಾಗಗಳಿಗೆ ಹೋಗುವುದನ್ನು ಕಂಡಿದ್ದೇನೆ. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ನಮ್ಮ ಕಡೆ ಹೆಂಗಸರು ಸೀರೆಯ ಹಳೇ ತುಂಡನ್ನು ತಲೆಗೆ ಬಿಗಿದು ಕಟ್ಟಿ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರಲ್ಲ, ಅದೂ ಇದೇ. ಒತ್ತುವ ಬೆರಳುಗಳಿಗೆ ಪುರುಸೊತ್ತಿಲ್ಲದಾಗ ಬಟ್ಟೆಯೇ ಬೆರಳಾಗುತ್ತಿತ್ತು.

ಮಿದುಳಿಗೆ ನೋವು ತಿಳಿಯುವುದಿಲ್ಲ ಎಂಬ ಸಂಗತಿ ಎಷ್ಟು ಸಲ ಓದಿದರೂ ನನ್ನೊಳಗೆ ಪೂರ್ತಿ ಇಳಿದಿಲ್ಲ. ಲೋಕದ ನೋವನ್ನೆಲ್ಲ ಅರಿಯುವ ಆ ಬೂದುಬಣ್ಣದ ಮೆತ್ತನೆಯ ಗಂಟಿಗೆ ತನ್ನ ಮೇಲೆ ಏನೇ ಆದರೂ ಗೊತ್ತಾಗದು. ಅಲ್ಲಿ ನೋವಿನ ನರತುದಿಗಳೇ ಇಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಇದೇ ಕಾರಣಕ್ಕೆ ಎಚ್ಚರವಾಗಿದ್ದ, ಮಾತಾಡುತ್ತಿದ್ದ ರೋಗಿಗಳ ಮಿದುಳನ್ನು ತೆರೆದು ಸಣ್ಣ ವಿದ್ಯುತ್ ಮೊನೆಯಿಂದ ಮುಟ್ಟಬಲ್ಲವರಾದರು. ಒಂದು ಕಡೆ ಮುಟ್ಟಿದರೆ ರೋಗಿ ಬೆರಳು ಜುಮ್ಮೆಂದಿತು ಎನ್ನುವನು, ಪಕ್ಕದಲ್ಲಿ ಮುಟ್ಟಿದರೆ ಮುಖ. ಹಾಗೆ ಮುಟ್ಟುತ್ತ ಮುಟ್ಟುತ್ತ ಮಿದುಳಿನ ಹೊರಪದರದ ಮೇಲೆ ಇಡೀ ಶರೀರದ ನಕಾಶೆಯೊಂದು ಮೂಡಿತು. ಅದನ್ನು ಅವರು ಎಡ್ವಿನ್ ಬೋಲ್ಡ್ರೇ ಜೊತೆ 1937ರಲ್ಲಿ ಪ್ರಕಟಿಸಿದರು. ಆ ನಕಾಶೆಯಲ್ಲಿ ಬೆನ್ನಿಗೆ ಸಿಕ್ಕಿದ್ದು ಚೂರು ಜಾಗ, ಹೆಬ್ಬೆರಳಿಗೆ ದೊಡ್ಡ ಸೀಮೆ, ಮತ್ತು ಕೈಯ ಸೀಮೆಗೆ ಒತ್ತಿಕೊಂಡೇ ಮುಖದ ಸೀಮೆ. ಕೈ ಮತ್ತು ಹಣೆ ಹೊರಗೆ ನೋಡಿದರೆ ಒಂದು ಮೊಳಕ್ಕೂ ಹೆಚ್ಚು ದೂರ. ಒಳಗೆ ಅಕ್ಕಪಕ್ಕದ ಮನೆ.

ಹಾಗಾದರೆ ನೋಯುವುದೇನು? ಮಿದುಳನ್ನು ಸುತ್ತಿದ ಪೊರೆ, ಆ ಪೊರೆಯ ಮೇಲೆ ಹರಿದಾಡುವ ರಕ್ತನಾಳಗಳು, ತಲೆಬುರುಡೆಯ ಹೊರಗೆ ನೆತ್ತಿಯಿಂದ ಹೆಡತಲೆಯವರೆಗೆ ಬಿಗಿದುಕೊಂಡ ಸ್ನಾಯುಗಳು. ಅಂದರೆ ತಲೆನೋವೆಂಬುದು ಬಹುಪಾಲು ಅಂಚಿನಲ್ಲಿ ನಡೆಯುವ ಸಂಗತಿ. ಬೆರಳಿಗೆ ಅದು ತೀರ ಎಟುಕದ್ದೇನಲ್ಲ.

ಎಡಗೈಯನ್ನು ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದರೆ, ಅವೆರಡರ ನಡುವಿನ ಮಾಂಸ ಹದವಾಗಿ ನಾದಿದ ಚಪಾತಿ ಹಿಟ್ಟಿನ ಉಂಡೆಯಂತೆ ಉಬ್ಬುತ್ತದೆ. ಆ ಉಬ್ಬಿನ ನೆತ್ತಿಯನ್ನು ನೆನಪಿಟ್ಟುಕೊಂಡು ಕೈ ಸಡಿಲಿಸಿ, ಬಲಗೈಯ ಹೆಬ್ಬೆರಳನ್ನು ಅಲ್ಲಿಟ್ಟು, ತೋರುಬೆರಳ ಬುಡದ ಎಲುಬಿನ ಕಡೆಗೆ ನಿಧಾನವಾಗಿ ಒತ್ತಬೇಕು. ಮೊದಲು ಏನೂ ಆಗುವುದಿಲ್ಲ. ಚರ್ಮ ತಣ್ಣಗೆ ಒಳಗೆ ಹೋಗುತ್ತದೆ, ಅಷ್ಟೆ. ಆಮೇಲೆ ಉಸಿರು ಎರಡು ಸಲ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ, ಎಲ್ಲೋ ಆಳದಿಂದ ಒಂದು ಭಾರ, ಒಂದು ತುಂಬಿಕೊಳ್ಳುವಿಕೆ, ನೋವೂ ಅಲ್ಲದ ಹಿತವೂ ಅಲ್ಲದ ಮಂದವಾದ ಏನೋ ಒಂದು ಎದ್ದು ಮಣಿಕಟ್ಟಿನತ್ತ ತೆವಳುತ್ತದೆ. ಚೀನೀ ವೈದ್ಯರು ಕಾಯುವುದು ಇದಕ್ಕೇ. ಒಳಗಿನ ಪ್ರಾಣಚಲನೆ ಬಂದು ಬೆರಳನ್ನು ಸಂಧಿಸಿದ ಗುರುತು ಇದು ಎನ್ನುತ್ತಾರೆ ಅವರು. ಹೆಗು ಎಂದು ಈ ತಾಣಕ್ಕೆ ಹೆಸರು, ಕಣಿವೆಗಳು ಕೂಡುವ ಜಾಗ. ತಲೆ, ಹಲ್ಲು, ಮುಖದ ನೋವಿಗೆಲ್ಲ ಅವರು ಮೊದಲು ಬರುವುದು ಈ ಕಣಿವೆಗೆ. ಬಸುರಿಯರು ಮಾತ್ರ ಇದನ್ನು ಒತ್ತಿಕೊಳ್ಳಬಾರದೆಂದು ಅದೇ ಪರಂಪರೆ ಬಹಳ ಹಿಂದಿನಿಂದ ಎಚ್ಚರಿಸುತ್ತ ಬಂದಿದೆ, ಆ ಮಾತನ್ನು ಪಾಲಿಸುವುದೇ ಸರಿ. ಪೆನ್‌ಫೀಲ್ಡ್ ನಕಾಶೆಯ ನೆರೆಹೊರೆಯೇ ಈ ಕಣಿವೆಗೂ ಹಣೆಗೂ ನಡುವಿನ ಗುಟ್ಟು ಎಂದು ನಾನು ಹೇಳಹೊರಟಿಲ್ಲ. ಕಣ್ಣು ಮುಚ್ಚಿ ಕೈಯ ಕಣಿವೆಯನ್ನು ಒತ್ತುತ್ತ ಕುಳಿತಾಗ ಆ ನೆರೆಮನೆಯ ಗೋಡೆಯಾಚೆ ಯಾರೋ ಓಡಾಡಿದ ಸದ್ದು ಕೇಳಿದಂತಾಗುತ್ತದೆ ಎಂಬಷ್ಟು ಹೇಳಬಲ್ಲೆ.

ಇಂಥ ತಾಣಗಳು ಒಮ್ಮೆಗೇ ಸಿಕ್ಕಿದ್ದಲ್ಲ. ಚೀನಾದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಗೋರಿಯನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯದ ಬರಹಗಳು ಸಿಕ್ಕವು. ಅವುಗಳಲ್ಲಿ ಶರೀರದೊಳಗೆ ಹರಿಯುವ ನಾಡಿಗಳ ವರ್ಣನೆ ಇದೆ, ಒತ್ತುವ ಇಲ್ಲವೇ ಚುಚ್ಚುವ ತಾಣಗಳು ಇಲ್ಲ. ಹೊಳೆ ಮೊದಲು ಗೊತ್ತಾಯಿತು. ಕಾಲಿಟ್ಟು ಇಳಿಯುವ ಘಟ್ಟಗಳು ಆಮೇಲೆ, ಒಂದೊಂದಾಗಿ, ಎಷ್ಟೋ ತಲೆಮಾರುಗಳ ಬೆರಳಿಗೆ ಸಿಕ್ಕುತ್ತ ಹೋದವು. ಸಾವಿರ ವರ್ಷ ದಾಟಿದ ಮೇಲೆ, 1027ರ ಹೊತ್ತಿಗೆ, ಸಾಂಗ್ ಅರಸರ ವೈದ್ಯ ವಾಂಗ್ ವೇಯಿಯಿ ಮನುಷ್ಯನೆತ್ತರದ ಕಂಚಿನ ಪುತ್ಥಳಿಗಳನ್ನು ಎರಕ ಹೊಯ್ಯಿಸಿ ಅವುಗಳ ಮೈಮೇಲೆಲ್ಲ ಆ ತಾಣಗಳನ್ನು ರಂಧ್ರಗಳಾಗಿ ಕೊರೆಸಿದ. ಪರೀಕ್ಷೆಯ ದಿನ ಪುತ್ಥಳಿಯ ಒಳಗೆ ನೀರು ತುಂಬಿ ಮೇಲೆ ಮೇಣ ಬಳಿದು ನಿಲ್ಲಿಸುತ್ತಿದ್ದರಂತೆ; ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಹೋದರೆ ಹನಿ ಒಸರುವುದು, ತಪ್ಪಿದರೆ ಲೋಹ ಸುಮ್ಮನೆ ಠಣ್ಣೆನ್ನುವುದು. ಆ ಕತ್ತಲ ಕಂಚಿನ ಗರ್ಭದಲ್ಲಿ ಕಾದು ನಿಂತ ನೀರನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಂಡಿದ್ದೇನೆ. ಮೇಣದ ನುಣುಪಿನ ಮೇಲೆ ಬೆರಳಾಡಿಸುತ್ತ, ಬೆವರುತ್ತ, ಕಾಣದ್ದನ್ನು ಹುಡುಕುತ್ತ ನಿಂತ ಆ ಹುಡುಗ ನಮ್ಮ ಹೆಬ್ಬೆರಳಿಗೆ ದೂರದ ನೆಂಟ.

ಈಗ ಕೈ ಹೆಡತಲೆಗೆ ಹೋಗಲಿ. ತಲೆಬುರುಡೆ ಮುಗಿದು ಕತ್ತು ಶುರುವಾಗುವಲ್ಲಿ, ನಡುವಿನ ಹುರಿಯ ಎರಡೂ ಬದಿಗೆ, ಕೂದಲಂಚಿನ ಒಳಗೆ, ಹೆಬ್ಬೆರಳ ತುದಿ ಕೂರುವಷ್ಟೇ ಆಳದ ಎರಡು ಗುಳಿಗಳಿವೆ. ಗಾಳಿ ತಂಗುವ ಕೊಳವೆಂದು ಚೀನೀಯರು ಇದನ್ನು ಕಂಡರು: ಫೆಂಗ್‌ಚಿ. ಎರಡೂ ಹೆಬ್ಬೆರಳುಗಳನ್ನು ಅಲ್ಲಿ ನೆಟ್ಟು, ಉಳಿದ ಬೆರಳುಗಳಿಂದ ತಲೆಯನ್ನು ಹೂವಿನ ಬುಟ್ಟಿ ಎತ್ತುವಷ್ಟು ಹಗುರವಾಗಿ ಹಿಡಿದು, ತಲೆಯ ಭಾರವನ್ನು ಮೆಲ್ಲನೆ ಹಿಂದಕ್ಕೆ, ಹೆಬ್ಬೆರಳುಗಳ ಮೇಲಕ್ಕೆ ಬಿಡಬೇಕು. ದಿನವಿಡೀ ಹೊತ್ತುಕೊಂಡು ತಿರುಗಿದ ಈ ತಲೆಗೆ ಎಷ್ಟು ತೂಕವಿದೆ ಎಂಬುದು ಗೊತ್ತಾಗುವುದು ಆಗಲೇ. ಬೆರಳ ಕೆಳಗೆ ಹಗ್ಗದಂಥದ್ದೇನೋ ಗಟ್ಟಿಯಾಗಿ ಸಿಗುತ್ತದೆ, ಮೊದಲು ಅದು ಮಣಿಯದು. ಮಣಿಯದಿದ್ದರೂ ಅಲ್ಲೇ ಇರಬೇಕು, ಜೋರು ಮಾಡದೆ, ಬಿಟ್ಟೂ ಕೊಡದೆ. ಹಾಗೆ ಇರುತ್ತಿರುವಾಗಲೇ ವಿಚಿತ್ರವೊಂದು ಘಟಿಸುತ್ತದೆ: ಒತ್ತಿದ್ದು ಹಿಂದೆ, ಅಲುಗಿದ್ದು ಮುಂದೆ. ಹುಬ್ಬಿನ ಮೇಲೆ, ಕಣ್ಣಿನ ಹಿಂದೆ, ನೋವಿದ್ದ ಜಾಗದಲ್ಲೇ, ಯಾರೋ ಒಳಗಿನಿಂದ ಬಾಗಿಲ ಚಿಲಕ ಸರಿಸಿದ ಹಾಗೆ ಏನೋ ಸಡಿಲಾಗುತ್ತದೆ.

ಇದಕ್ಕೆ ಶರೀರಶಾಸ್ತ್ರ ಕೊಡುವ ವಿವರಣೆ ಬೆರಗನ್ನು ಕಡಿಮೆ ಮಾಡುವಂಥದ್ದಲ್ಲ. ಹಣೆ, ಕಣ್ಣು, ಮಿದುಳ ಪೊರೆ ಇವುಗಳ ಸುದ್ದಿ ಹೊತ್ತು ತರುವ ಟ್ರೈಜೆಮಿನಲ್ ನರದ ಕೇಂದ್ರ ಮಿದುಳ ಕಾಂಡದಲ್ಲಿ ನಿಲ್ಲದೆ ಕೆಳಗೆ, ಕತ್ತಿನ ಬೆನ್ನುಹುರಿಯವರೆಗೂ ಇಳಿದುಬರುತ್ತದೆ. ಅಲ್ಲಿ ಕತ್ತಿನ ಮೇಲಿನ ನರಗಳೂ ಬಂದು ಅದೇ ಜೀವಕೋಶಗಳಿಗೆ ತಮ್ಮ ಸುದ್ದಿಯನ್ನು ಒಪ್ಪಿಸುತ್ತವೆ. ಎರಡು ಊರಿನ ಕಾಗದ ಒಂದೇ ಅಂಚೆಮನೆಗೆ. ಹಾಗಾಗಿ ಕತ್ತಿನ ಬಿಗಿತವನ್ನು ಮಿದುಳು ಹಣೆಯ ನೋವೆಂದು ಓದುತ್ತದೆ, ಕತ್ತಿಗೆ ಸಿಕ್ಕ ಸಾಂತ್ವನವನ್ನೂ ಹಣೆಗೇ ಜಮಾ ಮಾಡುತ್ತದೆ. ಇನ್ನೊಂದು ಸಂಗತಿ 1995ರಲ್ಲಿ ಬೆಳಕಿಗೆ ಬಂತು. ಬುರುಡೆಯ ಬುಡದಲ್ಲಿರುವ ಪುಟ್ಟ ಸ್ನಾಯುವೊಂದರಿಂದ ಹೊರಟ ತೆಳುವಾದ ಎಳೆಗಳು ಎಲುಬುಗಳ ಸಂದಿನಲ್ಲಿ ಒಳಗೆ ನುಸುಳಿ ಬೆನ್ನುಹುರಿಯ ಹೊರಪೊರೆಗೇ ಸೇರಿಕೊಂಡಿವೆ ಎಂದು ಅಂಗಛೇದನ ಮಾಡಿದವರು ವರದಿ ಮಾಡಿದರು. ಶತಮಾನಗಳಿಂದ ಲೆಕ್ಕವಿಲ್ಲದಷ್ಟು ಶವಗಳನ್ನು ಕೊಯ್ದು ನೋಡಿದ ಮನುಷ್ಯರ ಕಣ್ಣಿಗೆ ಅಷ್ಟಾಗಿ ಬೀಳದೆ ಉಳಿದಿದ್ದ ಸೇತುವೆ ಅದು. ಹೆಬ್ಬೆರಳು ನಿಂತ ಆ ಗುಳಿಯ ಕೆಳಗೆ, ಚರ್ಮ ಮಾಂಸಗಳ ಎಷ್ಟೋ ಪದರಗಳಾಚೆ, ಅಂಥ ಎಳೆಗಳು ನಮ್ಮೆಲ್ಲರಲ್ಲೂ ಇವೆ ಎಂದು ನೆನೆದರೆ ಒತ್ತುವ ಬೆರಳು ತಾನಾಗಿ ಹಗುರಾಗುತ್ತದೆ.

ಕಣತಲೆಯನ್ನು ನಮ್ಮ ಹಿರಿಯರು ಬೇರೆಯೇ ಕಣ್ಣಿನಿಂದ ನೋಡಿದ್ದರು. ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಗಳನ್ನು ಎಣಿಸುತ್ತದೆ, ಕತ್ತಿನಿಂದ ಮೇಲೆಯೇ 37. ಯುದ್ಧಭೂಮಿಯಿಂದ ಹೊತ್ತು ತಂದ ದೇಹಗಳನ್ನು ಕಂಡ ಶಸ್ತ್ರವೈದ್ಯರ ಎಣಿಕೆ ಇರಬೇಕು ಅದು. ಎಲ್ಲಿ ತಾಗಿದರೆ ಮನುಷ್ಯ ಸಾಯುತ್ತಾನೆ, ಊನನಾಗುತ್ತಾನೆ ಇಲ್ಲವೇ ನೋವಿನಲ್ಲಿ ನರಳುತ್ತಾನೆ ಎಂಬುದರ ಪಟ್ಟಿ. ಕಣತಲೆಯ ಶಂಖ ಮರ್ಮಕ್ಕೆ ಪೆಟ್ಟು ಬಿದ್ದರೆ ಪ್ರಾಣ ಆಗಲೇ ಹೋಗುತ್ತದೆ ಎನ್ನುತ್ತದೆ ಅದು. ಹುಬ್ಬುಗಳ ನಡುವಿನ ಸ್ಥಪನಿಯದು ಇನ್ನೂ ವಿಲಕ್ಷಣ: ಅಲ್ಲಿ ಬಾಣ ನಾಟಿದವನು ಬಾಣ ಇರುವಷ್ಟು ಹೊತ್ತು ಬದುಕಿರುತ್ತಾನೆ, ಕಿತ್ತರೆ ಸಾಯುತ್ತಾನೆ; ಗಾಯ ಮಾಗಿ ಬಾಣ ತಾನಾಗಿ ಉದುರಿದರೆ ಉಳಿಯುತ್ತಾನೆ. ಚೀನೀಯರ ತಾಣಗಳೂ ನಮ್ಮ ಮರ್ಮಗಳೂ ಒಂದೇ ಎಂದು ಸಾಧಿಸಲು ಹೊರಡುವವರಿದ್ದಾರೆ, ನನಗೆ ಆ ಹಟವಿಲ್ಲ. ಬೊಟ್ಟಿಡುವುದರಿಂದ ಹಣೆಯ ನರ ಚುರುಕಾಗುತ್ತದೆ ಎನ್ನುವ ವಾಟ್ಸಾಪ್ ಪಂಡಿತರ ಜೊತೆಗೂ ನಾನಿಲ್ಲ. ಆದರೂ ಅಲ್ಲಿ ಸಾವನ್ನು ಕಂಡ ಜಾಗಕ್ಕೇ ಇಲ್ಲಿ ಬೆರಳು ಸಮಾಧಾನವನ್ನು ಹುಡುಕಿಕೊಂಡು ಹೋಗುತ್ತದೆ, ಅದೇ ಹುಬ್ಬುಗಳ ನಡುವೆ ತೇದ ಗಂಧ ಒಣಗುತ್ತ ಒಣಗುತ್ತ ಚರ್ಮವನ್ನು ಮೆಲ್ಲಗೆ ಸೆಳೆದು ಹಿಡಿಯುತ್ತದೆ.

ಕಣತಲೆಯ ಮೇಲೆ ಬೆರಳಿಟ್ಟಾಗ ಇನ್ನೊಂದು ನಡೆಯುತ್ತದೆ. ಚರ್ಮದ ಅಡಿಯಲ್ಲೇ ಹರಿಯುವ ರಕ್ತನಾಳ ಬೆರಳತುದಿಗೆ ತುಡಿಯುತ್ತ ಬಂದು ತಾಗುತ್ತದೆ, ಬೆರಳತುದಿಯದೇ ನಾಡಿ ಅದಕ್ಕೆ ಎದುರು ಮಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಯಾವುದು ಯಾರದೆಂದು ತಿಳಿಯದಂತಾಗುತ್ತದೆ. ಒತ್ತುತ್ತಿರುವ ಬೆರಳೂ ನಾನೇ, ಒತ್ತಿಸಿಕೊಳ್ಳುವ ಹಣೆಯೂ ನಾನೇ. ಇಬ್ಬರಲ್ಲಿ ನೋವು ಯಾರಿಗೆ? ಒತ್ತುವ ನನಗೆ ಇಲ್ಲ ಎನ್ನಿಸುವ ಒಂದು ಗಳಿಗೆ ಬರುತ್ತದೆ, ನೋವಿನ ಹೊರಗೆ ನಿಂತು ಅದರ ತಲೆ ಸವರುತ್ತಿರುವ ಗಳಿಗೆ. ಹುಬ್ಬಿನ ಒಳತುದಿಯಿಂದ ಎಲುಬಿನ ಅಂಚು ಹಿಡಿದು ಹೊರಗೆ ಸಾಗಿದರೆ ಸಣ್ಣದೊಂದು ಕಚ್ಚು ಸಿಗುತ್ತದೆ, ಟ್ರೈಜೆಮಿನಲ್ ನರದ ಒಂದು ಕವಲು ಹಣೆಗೆ ಹತ್ತುವ ದಾರಿ. ಅಲ್ಲಿ ಮುಟ್ಟಿದರೆ ಸಾಕು, ಒತ್ತುವುದೂ ಬೇಡ.

ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಒಂದು ಬಾಗಿಲನ್ನು ಕಲ್ಪಿಸಿದರು. ಬೆನ್ನುಹುರಿಯಲ್ಲಿರುವ ಆ ಬಾಗಿಲಿಗೆ ನೋವಿನ ಸುದ್ದಿ ಬರುತ್ತದೆ, ಸ್ಪರ್ಶದ ಸುದ್ದಿಯೂ ಬರುತ್ತದೆ. ಸ್ಪರ್ಶ ದಪ್ಪ ನರಗಳಲ್ಲಿ ಬೇಗ ಓಡಿಬಂದು ನೋವಿನ ಮುಂದೆ ಬಾಗಿಲನ್ನು ಅರೆಮುಚ್ಚುತ್ತದೆ. ಮೊಣಕಾಲು ಮೇಜಿಗೆ ಬಡಿದಾಗ ನಾವು ತಿಕ್ಕಿಕೊಳ್ಳುವುದು ಇದಕ್ಕೇ ಎನ್ನುತ್ತಾರೆ. ವಿವರಗಳು ಆಮೇಲೆ ಬಹಳ ತಿದ್ದುಪಡಿಯಾದವು, ಬಾಗಿಲು ಮಾತ್ರ ಉಳಿಯಿತು. ನನಗೆ ಇನ್ನೂ ಇಷ್ಟವಾದದ್ದು ಬೇರೊಂದು ಜಾತಿಯ ನರ: ಸೆಕೆಂಡಿಗೆ ಸುಮಾರು 1 ಮೀಟರ್‌ನಷ್ಟೇ ಸಾಗುವ ನಿಧಾನದ ನರ, ರೋಮವಿರುವ ಚರ್ಮದಲ್ಲಿ ಹರಡಿರುವಂಥದ್ದು. ಜೋರಾಗಿ ತಿಕ್ಕಿದರೆ ಅದು ಅಷ್ಟಾಗಿ ಓಗೊಡುವುದಿಲ್ಲ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಏನಾದರೂ ಅದರ ಮೇಲೆ ಹಾದರೆ ಅದು ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಅಳೆದು ನೋಡಿ, ಅಮ್ಮಂದಿರು ಮಗುವಿನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸುವ ವೇಗ ಅದು. ಎಲ್ಲವನ್ನೂ ಮಿಂಚಿನಂತೆ ತಲುಪಿಸಬಲ್ಲ ಈ ಶರೀರ, ಇಷ್ಟೊಂದು ನಿಧಾನವಾದ ಒಂದು ದಾರಿಯನ್ನು ಯಾಕೆ ಇಟ್ಟುಕೊಂಡಿತೋ.

ಇವೆಲ್ಲದರ ನಡುವೆ ಜಾತ್ರೆಯಲ್ಲಿ ಮುಳ್ಳುಮುಳ್ಳಿನ ಮರದ ರೋಲರ್ ಮಾರುವವನೂ ಇದ್ದಾನೆ, ಅಂಗಾಲಿನ ಚಿತ್ರದಲ್ಲಿ ಪಿತ್ತಕೋಶ ಹೃದಯಗಳನ್ನು ಬಣ್ಣಬಣ್ಣವಾಗಿ ತೋರಿಸುವ ಪಟ, ಪಾರ್ಕಿನಲ್ಲಿ ಬೆಣಚುಕಲ್ಲು ನೆಟ್ಟ ದಾರಿಯ ಮೇಲೆ ಬರಿಗಾಲಲ್ಲಿ ಮುಖ ಹಿಂಡಿಕೊಂಡು ನಡೆಯುವ ನಿವೃತ್ತರು. ಚೀನೀಯರ ಈ ತಾಣವಿದ್ಯೆ ನಮ್ಮಲ್ಲಿಗೆ ಬಂದ ದಾರಿಗಳಲ್ಲಿ ಒಂದು ಮರುಕ ಹುಟ್ಟಿಸುವಂಥದ್ದು: 1938ರಲ್ಲಿ ಯುದ್ಧದ ನಡುವಿದ್ದ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ ಕಣ್ಣು ಮುಚ್ಚಿದರು, ಅವರ ಜೊತೆಗಾರ ಬಿಜೋಯ್ ಕುಮಾರ್ ಬಸು ಮುಂದೊಂದು ದಿನ ಸೂಜಿವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. ಅದೇ ಸೂಜಿವಿದ್ಯೆಯ ಬಗ್ಗೆ ಜರ್ಮನಿಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಅರೆತಲೆನೋವಿನ ನೂರಾರು ರೋಗಿಗಳ ಮೇಲೆ ಪರೀಕ್ಷೆ ನಡೆಸಿದಾಗ ಸರಿಯಾದ ತಾಣದಲ್ಲಿ ಚುಚ್ಚಿಸಿಕೊಂಡವರಿಗೂ, ಶಾಸ್ತ್ರ ಹೇಳದ ಬೇರೆ ಕಡೆ ಚುಚ್ಚಿಸಿಕೊಂಡವರಿಗೂ ಹೆಚ್ಚುಕಡಿಮೆ ಒಂದೇ ಗುಣ ಕಂಡಿತು. ಇದನ್ನು ಕೆಲವರು ಸೋಲೆಂದು ಓದಿದರು. ಕಂಚಿನ ಪುತ್ಥಳಿಯ ಕರಾರುವಾಕ್ಕಿಗೆ ಸೋಲು, ನಿಜ. ನನಗೋ ಅದು ಇನ್ನಷ್ಟು ವಿಸ್ಮಯಕ್ಕೆ ದೂಡಿದ ಸುದ್ದಿ: ಒಂದು ಕೋಣೆ, ಅಲ್ಲಾಡದೆ ಮಲಗಿದ ಅರ್ಧ ತಾಸು, ತನ್ನ ನೋವಿಗಾಗಿ ಬಾಗಿದ ಇನ್ನೊಂದು ಮುಖ, ಚರ್ಮದ ಮೇಲೆ ಎಚ್ಚರದ ಒಂದು ಸ್ಪರ್ಶ, ಇಷ್ಟಕ್ಕೇ ನೋವು ಕಿವಿಗೊಡುತ್ತದೆಯೇ? ಒಂದು ಮಾತು ಇಲ್ಲೇ ಹೇಳಿಬಿಡುವೆ. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ತಲೆಗೆ ಪೆಟ್ಟಾದ ಮೇಲಿನ ನೋವು, ಇವು ಬೆರಳಿನ ಕೆಲಸವಲ್ಲ. ಆಗ ಆಸ್ಪತ್ರೆಗೆ ಓಡಬೇಕು.

ಉಳಿದಂತೆ ಮನೆಯ ಸಂಜೆಗಳಿವೆ. ಅಮ್ಮ ಗೋಡೆಗೆ ಒರಗಿ ಕೂತಿದ್ದಾಳೆ, ದೀಪ ಹಾಕಿಲ್ಲ, ಮಗಳು ಹಿಂದೆ ಮಂಡಿಯೂರಿ ತಾಯಿಯ ತಲೆಯನ್ನು ಕೈಗೆ ತೆಗೆದುಕೊಂಡಿದ್ದಾಳೆ. ಕೂದಲಲ್ಲಿ ಕೊಬ್ಬರಿ ಎಣ್ಣೆಯ, ಮಧ್ಯಾಹ್ನದ ಒಗ್ಗರಣೆಯ ವಾಸನೆ.

"ಇಲ್ಲಾ?"

"ಅಲ್ಲಲ್ಲ, ಇನ್ನೂ ಕೆಳಗೆ."

"ಇಲ್ಲೇನಮ್ಮಾ?"

"ಸ್ವಲ್ಪ ಒಳಗೆ. ಹಾಂ, ಅಲ್ಲೇ. ಅಲ್ಲೇ ಹಿಡ್ಕೊ ಮಗಾ."

ಏಳನೆಯ ಶತಮಾನದಲ್ಲಿ, ತಾಂಗ್ ಅರಸರ ಕಾಲದ ಸುನ್ ಸಿಮಿಯಾವ್ ಎಂಬ ವೈದ್ಯ ತನ್ನ ದೊಡ್ಡ ಗ್ರಂಥದಲ್ಲಿ ಒಂದು ಬಗೆಯ ತಾಣಗಳನ್ನು ಹೇಳುತ್ತಾನೆ. ಅವು ಯಾವ ನಾಡಿಯ ಮೇಲೂ ಇಲ್ಲ, ಅವಕ್ಕೆ ಜಾಗವೇ ಗೊತ್ತಿಲ್ಲ. ವೈದ್ಯ ಒತ್ತುತ್ತ ಹೋಗಬೇಕು. ಎಲ್ಲಿ ರೋಗಿ ಆ, ಅದೇ ಎಂದು ಉದ್ಗರಿಸುತ್ತಾನೋ ಅದೇ ತಾಣ. ಆ ಉದ್ಗಾರವೇ ಅವುಗಳ ಹೆಸರಾಗಿ, ಆ-ಶಿ ಎಂದು ಇವತ್ತಿಗೂ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ 361 ತಾಣಗಳನ್ನು ಅಳತೆ ಸಮೇತ ಗೊತ್ತುಮಾಡಿ ಕೊಟ್ಟಿದೆ, ಇವು ಅದರಲ್ಲಿ ಸೇರುವಂಥವಲ್ಲ. ಯಾಕೆಂದರೆ ಇವು ಅಮ್ಮ ಹೇಳುವವರೆಗೆ ಇರುವುದಿಲ್ಲ. ಮಗಳ ಬೆರಳು ಅಲ್ಲಿಗೆ ಬರುವವರೆಗೆ ಅಮ್ಮನಿಗೂ ಅದು ಎಲ್ಲಿದೆಯೆಂದು ತಿಳಿಯದು. ಒಬ್ಬಳಿಗೆ ನೋವು ಗೊತ್ತು, ದಾರಿ ಗೊತ್ತಿಲ್ಲ. ಇನ್ನೊಬ್ಬಳ ಬೆರಳಿಗೆ ದಾರಿಯ ಉಬ್ಬುತಗ್ಗು ತಿಳಿಯುತ್ತದೆ, ನೋವು ತಿಳಿಯದು. ಅರ್ಧರ್ಧ ಅರಿವು ಹಿಡಿದ ಇಬ್ಬರು ಕತ್ತಲಲ್ಲಿ ತಡವುತ್ತ ಬಂದು ಒಂದು ಗೋಧಿಕಾಳಿನಗಲದ ಜಾಗದಲ್ಲಿ ಎದುರಾಗುತ್ತಾರೆ. ಅಷ್ಟು ಚಿಕ್ಕ ಜಾಗದಲ್ಲಿ ಆ ಇಬ್ಬರೂ ಹೇಗೆ ಹಿಡಿಸಿದರೋ ನಾನರಿಯೆ.

ಇನ್ನು, ನೋವು ಹೋಗುವುದು. ಅದು ಬಂದದ್ದನ್ನು ಹೇಳಬಹುದು, ಇಂಥ ಹೊತ್ತಿಗೆ, ಇಂಥ ಬದಿಯಿಂದ ಎಂದು. ಹೋದ ಗಳಿಗೆಯನ್ನು ಹಿಡಿದವರು ಯಾರಾದರೂ ಇದ್ದಾರೆಯೇ? ಹೊಂಚು ಹಾಕಿ ಕುಳಿತರೆ ಅದು ಹೋಗುವುದೇ ಇಲ್ಲ, ನೋಡುತ್ತಿರುವ ಕಣ್ಣಿಗೆ ಅದೂ ನೋಡುತ್ತ ಕೂರುತ್ತದೆ. ಬೆರಳು ಒತ್ತುತ್ತ, ಬಿಡುತ್ತ, ತನ್ನ ಪಾಡಿಗೆ ತಾನು ಸಣ್ಣ ಸುತ್ತುಗಳನ್ನು ಹಾಕುತ್ತ ಇರುವಾಗ ಎಲ್ಲೋ ಮಧ್ಯೆ ಅದು ಎದ್ದು ಹೋಗಿರುತ್ತದೆ, ಗೊತ್ತಾಗುವುದು ಆಮೇಲೆ: ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಮೂರೋ ನಾಲ್ಕೋ ಎಂದು ಎಣಿಸುತ್ತಿದ್ದೇವೆ, ಒಣಹಾಕಿದ ಬಟ್ಟೆ ಇನ್ನೂ ತಾರಸಿಯ ಮೇಲಿದೆ, ನಾಳೆಗೆ ಹಾಲಿನ ಕೂಪನ್ ಇಲ್ಲ. ಅಮ್ಮ ಮಗಳ ಕೈ ತೆಗೆದು, ಏಳುತ್ತ, "ಸಾಕು, ಅನ್ನಕ್ಕಿಡ್ಬೇಕು" ಎನ್ನುತ್ತಾಳೆ. ಹೋಯಿತೇನಮ್ಮಾ ಎಂದು ಮಗಳು ಕೇಳಿದರೆ, ಏನು ಎಂಬಂತೆ ಒಂದು ಕ್ಷಣ ನೋಡುತ್ತಾಳೆ.